ಸಹಾಯ ಬೇಕು: ವೈಫೈ ಫೋನಿನಲ್ಲಿ ಒಂದೇ ಕಡೆ ಧ್ವನಿ (ಶಿರಸಿ)

ನಮಸ್ಕಾರ. ಶಿರಸಿ ಹತ್ತಿರದ ತೋಟದ ಮನೆ, ವಯಸ್ಸಾದವರು ಇಬ್ಬರೇ. ಮೊಬೈಲ್ ಸಿಗ್ನಲ್ ಇಲ್ಲ, ಫೈಬರ್ ಇದೆ. ಅದಕ್ಕೇ ಕಂಪ್ಯೂಟರ್ ಬೇಡದ ವೈಫೈ ಸಿಪ್ ಫೋನ್ (ಇಂಟರ್ನೆಟ್ ಮೂಲಕ ಕರೆ ಮಾಡುವಂಥದ್ದು). 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ರೂಟರಿನಲ್ಲಿ ಅದಕ್ಕೆ ಬೇರೆ ಹೆಸರು ಕೊಟ್ಟಾಗಿದೆ. ಸರ್ವರ್ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಕೀಪ್ಯಾಡಿನಲ್ಲೇ ಒತ್ತಿದ್ದು. ಪರದೆ ಮೇಲೆ ‘ರಿಜಿಸ್ಟರ್ಡ್’ ಅಂತ ಬರುತ್ತದೆ.

ಕರೆ ಹೋಗುತ್ತದೆ, ಆಚೆಯವರಿಗೆ ಮಾತು ಕೇಳುತ್ತದೆ, ಅವರದ್ದು ಮಾತ್ರ ಇತ್ತ ಬರುವುದಿಲ್ಲ. 5060 ಪೋರ್ಟಿನಲ್ಲಿ ಓಡುವುದು ಕರೆಯ ಸೂಚನೆ ಅಷ್ಟೇ. ಧ್ವನಿಯ ಆರ್‌ಟಿಪಿ ಪೋರ್ಟ್ ಬೇರೆ, ತಡೆ ಅಲ್ಲೇ ಇರಬೇಕು. ರೂಟರಿನ ಸಿಪ್ ಎಎಲ್‌ಜಿ (ಸಿಪ್ ಸಂದೇಶಗಳನ್ನು ತಿದ್ದುವ ಸೌಲಭ್ಯ) ಆಫ್, ಫೋನಿನ ಸ್ಟನ್ (ಹೊರಗೆ ಕಾಣುವ ತನ್ನ ವಿಳಾಸ ಕಂಡುಕೊಳ್ಳುವ ಸೌಲಭ್ಯ) ಆನ್, ಎರಡೂ ಮಾಡಿ ಆಯ್ತು. ವೇಗದ್ದಲ್ಲ ತೊಂದರೆ, ಫೋನಿನ ಧ್ವನಿ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಜಿ.711ಗೆ ಒಂದು ದಿಕ್ಕಿಗೆ ಸುಮಾರು 90 ಕೆಬಿಪಿಎಸ್ ಸಾಕು. ರೂಟರಿನ ವ್ಯಾನ್ (ಹೊರಗಿನ ಕಡೆಯ) ಐಪಿ 100.64ರಿಂದ ಶುರು, ಅಂದರೆ ಸಿಜಿನ್ಯಾಟ್ (ಒಂದೇ ಸಾರ್ವಜನಿಕ ಐಪಿಯನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚುವುದು). ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ.

ಯಲ್ಲಾಪುರ, ಸಿದ್ದಾಪುರ, ಕುಮಟಾ ಕಡೆ ಸಿಜಿನ್ಯಾಟ್ ಒಳಗಿಂದಲೇ ಇಂಥ ಫೋನ್ ಸರಿಯಾಗಿ ನಡೆಸುತ್ತಿರುವವರು ಯಾವ ಸೆಟ್ಟಿಂಗ್ ಇಟ್ಟಿದ್ದೀರಿ, ದಯವಿಟ್ಟು ತಿಳಿಸಿ.