ಭಯದ ಕಾದಂಬರಿಯನ್ನು ತೆರೆಗೆ ತರುವಾಗ ದೆವ್ವವನ್ನು ತೋರಿಸಬೇಕಾ?

ತುಂಗಾತೀರ, ತೀರ್ಥಹಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಒಂದು ಹಳೆಯ ಕನ್ನಡ ಕಾದಂಬರಿಯನ್ನು ವೆಬ್ ಸರಣಿ ಮಾಡಲು ಹೊರಟಿದ್ದೇವೆ. ಎಂಬತ್ತರ ದಶಕದಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಆಗ ನಮ್ಮ ಕಡೆ ಮನೆಮನೆಯಲ್ಲೂ ಓದಿದ್ದರಂತೆ. ಲೇಖಕರು ಈಗಿಲ್ಲ. ಅವರ ಮಗಳ ಜೊತೆ ಹಕ್ಕಿನ ಮಾತು ನಡೆಯುತ್ತಿದೆ, ಅದು ಮುಗಿಯುವ ತನಕ ಹೆಸರು ಹೇಳುವುದಿಲ್ಲ.

ಕಥೆ ಇಷ್ಟು. ಆಗುಂಬೆ ಕಡೆಯ ಒಂದು ಒಂಟಿ ಮನೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಗಂಡ ಅಡಿಕೆ ವ್ಯಾಪಾರ ಅಂತ ವಾರಗಟ್ಟಲೆ ಶಿವಮೊಗ್ಗದಲ್ಲೇ ಇರುತ್ತಾನೆ. ರಾತ್ರಿ ಅಟ್ಟದ ಮೇಲೆ ಯಾರೋ ಓಡಾಡುವ ಸದ್ದು. ಆ ಮನೆಯ ಮಗಳೊಬ್ಬಳು ಹಿಂದೆ ಬಾವಿಗೆ ಬಿದ್ದು ಸತ್ತಿದ್ದಾಳೆ, ಅದನ್ನು ಈ ಹುಡುಗಿಗೆ ಯಾರೂ ಹೇಳಿಲ್ಲ.

ತೊಂದರೆ ಏನೆಂದರೆ, ಪುಸ್ತಕದ ಮುಕ್ಕಾಲು ಭಾಗ ನಡೆಯುವುದು ಹುಡುಗಿಯ ಮನಸ್ಸಿನೊಳಗೆ. ಅದನ್ನೆಲ್ಲ ಹಿನ್ನೆಲೆ ಧ್ವನಿಯಲ್ಲಿ ಹೇಳಿಸಿದರೆ ರೇಡಿಯೋ ನಾಟಕ ಆಗುತ್ತದೆ. ಇನ್ನೊಂದು, ನಡುವಿನ ಒಂದು ಅಧ್ಯಾಯದಲ್ಲಿ ಸತ್ತವಳ ರೂಪವನ್ನು ಪುಟಗಟ್ಟಲೆ ಬಣ್ಣಿಸಿದ್ದಾರೆ. ಓದಿದವರೆಲ್ಲ ಅದನ್ನೇ ನೆನಪಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಒಬ್ಬ ಗ್ರಾಫಿಕ್ಸ್ ಮಾಡಿಸೋಣ ಅನ್ನುತ್ತಾನೆ, ಇನ್ನೊಬ್ಬ ತೋರಿಸಲೇಬಾರದು ಅನ್ನುತ್ತಾನೆ. ಅನುಭವ ಇದ್ದವರು ದಯವಿಟ್ಟು ದಾರಿ ತೋರಿಸಿ.

ಕರಿಕೋಟು, ಶಿವಮೊಗ್ಗ

ದೆವ್ವದ ವಿಷಯ ಬೇರೆಯವರು ಹೇಳಲಿ, ನಾನು ಹಕ್ಕಿನ ವಿಷಯ ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದೇ. ಫೋನಿನಲ್ಲಿ "ಮಾಡಿಕೊಳ್ಳಿ" ಅಂದರೆ ಸಾಲದು, ಬರಹದಲ್ಲಿ ಸಹಿ ಇರಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ವೆಬ್ ಸರಣಿಯನ್ನು ಹೊರದೇಶದಲ್ಲೂ ನೋಡುತ್ತಾರೆ, ಹಾಗಾಗಿ ಇದನ್ನು ಮರೆಯಬೇಡಿ. ಒಪ್ಪಂದದಲ್ಲಿ ಬೇರೆ ಏನೂ ಹೇಳದಿದ್ದರೆ, ಬರೆದುಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದರೆ ಅದು ಬಿದ್ದುಹೋಗುತ್ತದೆ. ನಿಮ್ಮಂಥ ಸಣ್ಣ ತಂಡಕ್ಕೆ ದುಡ್ಡು ಹೊಂದಿಸುವುದರಲ್ಲೇ ವರ್ಷ ಕಳೆಯುತ್ತದೆ, ಬಳಸುವುದು ತಡವಾದರೂ ಹಕ್ಕು ಬೀಳುವುದಿಲ್ಲ ಅನ್ನುವ ಸಾಲನ್ನು ಒಪ್ಪಂದದಲ್ಲಿ ಮೊದಲೇ ಸೇರಿಸಿ.

ಲೇಖಕರಿಗೆ ಬೇರೆ ಮಕ್ಕಳಿದ್ದಾರಾ ಅಂತಲೂ ಕೇಳಿಕೊಳ್ಳಿ. 'ಡ್ರಾಕುಲಾ' ಕಾದಂಬರಿಯನ್ನು ಕೇಳದೇ ಜರ್ಮನಿಯಲ್ಲಿ 1922ರಲ್ಲಿ 'ನೋಸ್ಫೆರಾಟು' ಮಾಡಿದರು. ಪಾತ್ರಗಳ ಹೆಸರು ಬದಲಿಸಿದರೂ ಲೇಖಕನ ಹೆಂಡತಿ ಬಿಡಲಿಲ್ಲ. ಪ್ರತಿಗಳನ್ನೆಲ್ಲ ನಾಶಮಾಡಿ ಅಂತ ಕೋರ್ಟ್ ಹೇಳಿತು. ಕೆಲವು ಪ್ರತಿ ಹೇಗೋ ಉಳಿದುಕೊಂಡಿದ್ದಕ್ಕೆ ಇವತ್ತು ನಾವು ನೋಡುತ್ತಿದ್ದೇವೆ.

ಉಣುಗೋಲು, ಹೊಸನಗರ

ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದುಕೊಂಡಿದ್ದವಳು. ಈಗ ಊರಿನಲ್ಲಿದ್ದೇನೆ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

ದೆವ್ವ ತೋರಿಸಬೇಕಾ ಅನ್ನುವುದು ಆಮೇಲಿನ ಮಾತು. ಮೊದಲು, ಈ ಕಥೆಯಲ್ಲಿ ಹೆದರುತ್ತಿರುವುದು ಯಾರು, ಯಾವುದಕ್ಕೆ ಅಂತ ಒಂದು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ. 'ಎಕ್ಸಾರ್ಸಿಸ್ಟ್' ನೋಡಿ. ಕಾದಂಬರಿ 1971ರದ್ದು, ಸಿನಿಮಾ 1973ರದ್ದು. ಬ್ಲಾಟಿ ತನ್ನ ಕಾದಂಬರಿಗೆ ತಾನೇ ಚಿತ್ರಕಥೆ ಬರೆದು ಆಸ್ಕರ್ ಪಡೆದ. ಜನರಿಗೆ ನೆನಪಿರುವುದು ಹುಡುಗಿಯ ತಲೆ ತಿರುಗುವ ದೃಶ್ಯ. ಆದರೆ ಅದಕ್ಕೂ ಮೊದಲು ಎಷ್ಟೋ ಹೊತ್ತು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಡಾಕ್ಟರುಗಳ ಹತ್ತಿರ ಅಲೆಯುತ್ತಾಳೆ. ಸೂಜಿ, ಎಕ್ಸ್‌ರೇ, ಮತ್ತೊಂದು ಪರೀಕ್ಷೆ. ಮಗಳಿಗೆ ಏನಾಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಆ ಕೈಲಾಗದ ಸ್ಥಿತಿ ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಮೇಕಪ್ಪು.

ನಿಮ್ಮ ಕಥೆಯ ಹುಡುಗಿ ಹೆದರುತ್ತಿರುವುದು ಸತ್ತವಳಿಗೆ ಅಂತ ನನಗೆ ಅನಿಸುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ತನಗೊಬ್ಬಳಿಗೆ ಗೊತ್ತಿಲ್ಲ, ಅವಳ ಹೆದರಿಕೆ ಅದು. ಹೊಸ ಸೊಸೆಯಾಗಿ ಹೋದ ಯಾವ ಹೆಂಗಸಿಗೂ ಇದು ಗೊತ್ತು. ನೀವು ಒಳಗೆ ಹೋದ ಕೂಡಲೇ ಅಡುಗೆಮನೆಯ ಮಾತು ನಿಲ್ಲುತ್ತದಲ್ಲ, ಅದು.

ಈಗ ಮನಸ್ಸಿನೊಳಗಿನದನ್ನು ಹೊರಗೆ ತರುವ ಬಗ್ಗೆ. 'ಶೈನಿಂಗ್' ಕಾದಂಬರಿಯಲ್ಲಿ ಆ ಪುಟ್ಟ ಹುಡುಗನಿಗೆ ಟೋನಿ ಅನ್ನುವ ಒಬ್ಬ ಕಾಣಿಸುತ್ತಾನೆ, ದೂರದಲ್ಲಿ ನಿಂತು ಕರೆಯುತ್ತಾನೆ. 1980ರ ಸಿನಿಮಾದಲ್ಲಿ ಕುಬ್ರಿಕ್ ಅವನನ್ನು ತೋರಿಸಲೇ ಇಲ್ಲ. ಹುಡುಗ ತೋರುಬೆರಳು ಮಡಿಸಿ ಬಿಡಿಸಿ, ಗೊಗ್ಗರು ದನಿಯಲ್ಲಿ ಟೋನಿಯ ಮಾತಾಡುತ್ತಾನೆ. ಒಂದು ಬೆರಳು, ಒಂದು ದನಿ, ಅಷ್ಟೇ. ಅದೇ ಕಾದಂಬರಿಯಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳಿವೆ. ನೋಡುತ್ತಿರುವಾಗ ಸುಮ್ನೆ ಇರುತ್ತವೆ, ತಲೆ ಆಚೆ ತಿರುಗಿಸಿದರೆ ಹತ್ತಿರ ಬಂದಿರುತ್ತವೆ. ಓದುವಾಗ ಮೈ ಜುಂ ಅನ್ನುತ್ತದೆ. ಕುಬ್ರಿಕ್ ಅದನ್ನು ಕೈಬಿಟ್ಟು ಗಿಡಗಳ ಚಕ್ರವ್ಯೂಹ ಕಟ್ಟಿದ. ಕಾದಂಬರಿ ಬರೆದ ಸ್ಟೀಫನ್ ಕಿಂಗ್‌ಗೆ ಆ ಸಿನಿಮಾ ಹಿಡಿಸಲಿಲ್ಲ. 1997ರಲ್ಲಿ ತಾನೇ ಬರೆದು ಟೀವಿಗೆ ಮಾಡಿಸಿದ, ಅದರಲ್ಲಿ ಕಂಪ್ಯೂಟರ್ ಗಿಡಪ್ರಾಣಿಗಳು ಓಡಾಡುತ್ತವೆ. ಪುಸ್ತಕಕ್ಕೆ ಹತ್ತಿರ ಇರುವುದು ಎರಡನೆಯದೇ. ಆದರೆ ನೀವೇ ಎರಡನ್ನೂ ನೋಡಿ, ಯಾವುದು ರಾತ್ರಿ ನಿದ್ದೆ ಕೆಡಿಸುತ್ತದೆ ಹೇಳಿ.

ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಎಲ್ಲರೂ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದರು. ನಿದ್ದೆ ಬಾರದಿರಲಿ ಅಂತ ಕಥೆ ನಡೆಯುತ್ತಿತ್ತು. ನನ್ನ ಸೋದರತ್ತೆ ದೆವ್ವದ ಕಥೆಗೆ ಹೆಸರಾದವಳು. ಅವಳು ಯಾವತ್ತೂ ದೆವ್ವದ ಮುಖ ಹೇಳಲಿಲ್ಲ. "ಅವತ್ತು ನಾಯಿ ಜಗಲಿ ಇಳಿಯಲಿಲ್ಲ" ಅನ್ನುವಳು. ಇನ್ನೆರಡು ಅಡಿಕೆ ಸುಲಿಯುವಳು. "ಕೊಟ್ಟಿಗೆಯಲ್ಲಿ ಅಷ್ಟೂ ದನ ಎದ್ದು ನಿಂತಿದ್ದವು, ಒಂದೂ ಕೂಗಲಿಲ್ಲ" ಅನ್ನುವಳು. ಅಲ್ಲಿಗೆ ನಮ್ಮಲ್ಲಿ ಒಬ್ಬರೂ ಒಂಟಿಯಾಗಿ ಬಚ್ಚಲಿಗೆ ಹೋಗುತ್ತಿರಲಿಲ್ಲ.

ನಿಮ್ಮ ಬಾವಿಯನ್ನು ಹೀಗೆ ಯೋಚಿಸಿ. ಅಂಗಳದಲ್ಲಿ ಕಟ್ಟೆ ಕಟ್ಟಿದ ಒಳ್ಳೆಯ ಬಾವಿ ಇದೆ. ರಾಟೆಯೂ ಇದೆ. ಹಗ್ಗ ಇಲ್ಲ. ಮನೆಯವರು ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತರಿಸಿಕೊಂಡಿದ್ದಾರೆ. ಮಳೆಗೆ ದಂಬೆ ಕಿತ್ತುಹೋದ ದಿನ ಹುಡುಗಿ "ಬಾವಿಯಿಂದ ಸೇದಲಾ ಅತ್ತೆ?" ಅಂತ ಕೇಳುತ್ತಾಳೆ. ಅತ್ತೆ ಮಾತಾಡದೆ ಕೊಡ ತೆಗೆದುಕೊಂಡು, ಆ ಮಳೆಯಲ್ಲಿ, ಕೆಳಗಿನ ಹಳ್ಳಕ್ಕೆ ಹೊರಡುತ್ತಾಳೆ. ಹಿನ್ನೆಲೆ ಧ್ವನಿ ಬೇಡ, ಗ್ರಾಫಿಕ್ಸ್ ಬೇಡ. ಹುಡುಗಿಯ ತಲೆಯಲ್ಲಿ ಏನು ಓಡುತ್ತಿದೆ ಅಂತ ನೋಡುವವರಿಗೆ ಗೊತ್ತಾಗುತ್ತದೆ.

ಓದುಗ, ಸಾಗರ

ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ನಾನು ಆ ಕಾಲದ ವಾರಪತ್ರಿಕೆ ಓದುಗ. ಬಸ್ಸಿನಲ್ಲಿ ಪತ್ರಿಕೆ ಕಟ್ಟು ಬರುವುದನ್ನೇ ಕಾಯುತ್ತಿದ್ದೆವು. ಮನೆಯಲ್ಲಿ ಮೊದಲು ಯಾರು ಓದಬೇಕು ಅಂತ ಜಗಳ. ವಾರ ವಾರ ಕಾದ ಮೇಲೆ ಕೊನೆಗೂ ಅವಳು ಕಣ್ಣಿಗೆ ಬಿದ್ದಾಗ ಆದ ನಡುಕ ಸಣ್ಣದಲ್ಲ. ಏನನ್ನೂ ತೋರಿಸದೆ ಮುಗಿಸಿದರೆ ನಮ್ಮಂಥವರಿಗೆ ಮೋಸ ಆದ ಹಾಗೆ ಅಲ್ವಾ?

1964ರ ಮಲಯಾಳಂ ಚಿತ್ರ 'ಭಾರ್ಗವಿ ನಿಲಯಂ' ನೋಡಿ. ಬಷೀರ್ ತಮ್ಮದೇ ಸಣ್ಣ ಕಥೆಯನ್ನು ಚಿತ್ರಕಥೆ ಮಾಡಿ ಕೊಟ್ಟರು. ಬಿಳಿ ಸೀರೆಯ ಭಾರ್ಗವಿಯನ್ನು ನಾವು ಕಣ್ಣಾರೆ ನೋಡುತ್ತೇವೆ. ಆದರೂ ಅದು ಹಳತಾಗಲಿಲ್ಲ, 2023ರಲ್ಲಿ ಮತ್ತೆ ತೆಗೆದರು. ಯಾಕೆಂದರೆ ಅವಳು ಬರೀ ಹೆದರಿಸಲು ಬಂದವಳಲ್ಲ. ಅವಳಿಗೆ ಒಂದು ಪ್ರೀತಿ ಇತ್ತು, ಅವಳಿಗೆ ಅನ್ಯಾಯ ಆಗಿತ್ತು. ಮನೆಗೆ ಬಂದ ಬರಹಗಾರ ಅವಳ ಜೊತೆ ಮಾತಾಡುತ್ತಾನೆ, ಅವಳ ಕಥೆ ಬರೆಯುತ್ತಾನೆ. ನಿಮ್ಮ ಬಾವಿಗೆ ಬಿದ್ದ ಹುಡುಗಿಯೂ ಆ ಮನೆಯ ಮಗಳು. ಅವಳನ್ನು ಬರೀ ಸದ್ದು ಮಾಡಿ ಬಿಡಬೇಡಿ. ಮುಖ ಕೊಡಿ, ಒಂದು ಸಲವಾದರೂ ಮಾತಾಡಲಿ.

ಇನ್ನೊಂದು, ಆ ಕಾದಂಬರಿಯ ಪ್ರತಿ ಅಧ್ಯಾಯವೂ ಮುಂದಿನ ವಾರಕ್ಕೆ ಕಾಯುವ ಹಾಗೆ ನಿಲ್ಲುತ್ತದೆ. ಕಂತುಗಳಿಗೆ ಇದಕ್ಕಿಂತ ಬೇರೆ ಏನು ಬೇಕು? ಆ ನಿಲುಗಡೆಗಳನ್ನು ಮುಟ್ಟಬೇಡಿ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಗ್ಗ ಇಲ್ಲದ ರಾಟೆಯ ದೃಶ್ಯವನ್ನು ನಿಮ್ಮ ಒಪ್ಪಿಗೆ ಇದ್ದರೆ ಹಾಗೇ ತೆಗೆದುಕೊಳ್ಳುತ್ತೇವೆ ಮೇಡಂ. ಸಾಗರದ ಸರ್ ಹೇಳಿದ ಹಾಗೆ ಕೊನೆಯ ಕಂತಿನಲ್ಲಿ ಅವಳನ್ನು ತೋರಿಸುತ್ತೇವೆ. ಹಗಲು ಹೊತ್ತು, ಮನೆ ಮಗಳ ಹಾಗೆ, ಗ್ರಾಫಿಕ್ಸ್ ಇಲ್ಲದೆ. ಅಲ್ಲಿ ಅವಳೇ ಈ ಹುಡುಗಿಗೆ ನಡೆದದ್ದನ್ನು ಹೇಳುತ್ತಾಳೆ. ಪುಸ್ತಕದಲ್ಲಿ ಅದನ್ನು ಹೇಳುವುದು ಗಂಡ. ಲೇಖಕರ ಮಗಳಿಗೂ ಈ ಬದಲಾವಣೆ ತಿಳಿಸಿ ಕೇಳುತ್ತೇವೆ.

ಒಂದು ಸಂದೇಹ. ನಿಜವಾದ ಮಳೆ ಸಿಗಲಿ ಅಂತ ಜುಲೈನಲ್ಲೇ ಆಗುಂಬೆಯಲ್ಲಿ ಶೂಟಿಂಗ್ ಇಟ್ಟುಕೊಳ್ಳಬಹುದಾ?

ಉಣುಗೋಲು, ಹೊಸನಗರ

ರಾಟೆ ನಿಮ್ಮದೇ, ತೆಗೆದುಕೊಳ್ಳಿ. ಓದುಗ ಸರ್, ಅವಳೇ ಬಾಯಿಬಿಟ್ಟು ಹೇಳುವುದಾದರೆ ನನ್ನದೂ ಒಪ್ಪಿಗೆ. ಯಾರೂ ಹೇಳದೆ ಮುಚ್ಚಿಟ್ಟದ್ದನ್ನು ಸತ್ತವಳೇ ಹೇಳಿದಳು ಅಂದರೆ ಕಥೆಯ ಭಯಕ್ಕೂ ಅದಕ್ಕೂ ನೇರ ಸಂಬಂಧ ಬಂತು.

ಜುಲೈ ಬೇಡ ಮಾರಾಯ್ರೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್ ಒಳಗೇ ಸುರಿಯುತ್ತದೆ. ಲೆನ್ಸ್ ಮಂಜಾಗುತ್ತದೆ, ಕರೆಂಟು ಇರುವುದಿಲ್ಲ. ಇಷ್ಟಾದರೂ ಹಿಂದಿನಿಂದ ಲೈಟು ಬೀಳದಿದ್ದರೆ ಕ್ಯಾಮೆರಾದಲ್ಲಿ ಮಳೆ ಕಾಣುವುದೇ ಇಲ್ಲ, ಬರೀ ಬೂದು ಬಣ್ಣ. ಮಳೆ ಹಿಡಿತಕ್ಕೆ ಬಂದ ಮೇಲೆ, ಸೆಪ್ಟೆಂಬರ್ ಕೊನೆಗೆ ಹೋಗಿ. ಹಸಿರು, ಪಾಚಿ, ಕೆಸರು ಎಲ್ಲ ಹಾಗೇ ಇರುತ್ತದೆ. ಬೇಕಾದ ದೃಶ್ಯಕ್ಕೆ ಟ್ಯಾಂಕರ್ ತರಿಸಿ ಪೈಪಿನಲ್ಲಿ ಮಳೆ ಹೊಯ್ಯಿಸಿ, ಹಿಂದಿನಿಂದ ಲೈಟು ಕೊಡಿ.

ಸದ್ದಿಗೆ ಮಾತ್ರ ಜುಲೈನಲ್ಲೇ ಹೋಗಬೇಕು. ಒಬ್ಬರು ರೆಕಾರ್ಡರ್ ಹಿಡಿದು ಹೋದರೆ ಸಾಕು. ಹಂಚಿನ ಮೇಲಿನ ಮಳೆ ಬೇರೆ, ತಗಡಿನ ಮೇಲಿನ ಮಳೆ ಬೇರೆ, ಸೋಗೆಯ ಮೇಲೆ ಬಿದ್ದರೆ ಇನ್ನೂ ಬೇರೆ. ಅಟ್ಟದಲ್ಲಿ ಕೂತು ಒಂದು ರಾತ್ರಿ ಪೂರ್ತಿ ಹಿಡಿಯಿರಿ, ಮಳೆ ಬಿಟ್ಟ ಮೇಲಿನ ಹನಿಗಳನ್ನೂ ಸೇರಿಸಿ. ಕಥೆ ಎಂಬತ್ತರ ದಶಕದ್ದು ತಾನೇ, ತಗಡು ಹೊದಿಸಿದ ಮನೆ ಆರಿಸಬೇಡಿ. ಮೊದಲ ಕಂತು ಬರೆದಾದ ಮೇಲೆ ನನಗೊಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.