ಕ್ರಿಯಾಟಿನೈನ್ ಹೆಚ್ಚಿದೆ, ಲಿವರ್ ವರದಿಯೂ ಸರಿಯಿಲ್ಲ: ಯಾವ ಸಪ್ಲಿಮೆಂಟ್ ನಿಲ್ಲಿಸಬೇಕು?

ಪ್ರಶ್ನೆ: ಭಾರಯಾತ್ರಿ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿರುವ ನಾನು ಈಗ ಮೊದಲ ಬಾರಿಗೆ ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ವಯಸ್ಸು 27, ತೂಕ 84 ಕೆ.ಜಿ. ಮದ್ಯ, ತಂಬಾಕುಗಳ ಅಭ್ಯಾಸವಿಲ್ಲ. ಬೇರೆ ಕಾರಣಕ್ಕಾಗಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನೈನ್ 1.5 (ಲ್ಯಾಬ್ ಕೊಟ್ಟಿರುವ ಮಿತಿ 1.3), ಲಿವರ್ ಕಿಣ್ವಗಳಾದ ಎಸ್‌ಜಿಒಟಿ 96, ಎಸ್‌ಜಿಪಿಟಿ 118 ಎಂದು ಬಂದಿದೆ. ಪಿತ್ತದಲ್ಲಿರುವ ಹಳದಿ ಪದಾರ್ಥ ಬಿಲಿರುಬಿನ್ ಕೂಡ ಮಿತಿಗಿಂತ ತುಸು ಮೇಲಿದೆ. ಕಿಡ್ನಿಯ ಸೋಸುವ ಸಾಮರ್ಥ್ಯ ಕುಗ್ಗಿರಬಹುದು ಎಂಬ ಟಿಪ್ಪಣಿಯೂ ವರದಿಯ ಕೆಳಗಿದೆ.

ದಿನಕ್ಕೆ ಎರಡು ಸ್ಕೂಪ್ ವೇ ಪ್ರೋಟೀನ್, 5 ಗ್ರಾಂ ಕ್ರಿಯಾಟಿನ್ ಮಾನೋಹೈಡ್ರೇಟ್, ವ್ಯಾಯಾಮಕ್ಕೆ ಮುಂಚೆ ಒಂದು ಸ್ಕೂಪ್ ಪ್ರೀ-ವರ್ಕೌಟ್ ತೆಗೆದುಕೊಳ್ಳುತ್ತೇನೆ. ಸ್ನಾಯುಗಳು ಗಟ್ಟಿಯಾಗಿ ಕಾಣಲೆಂದು ಟ್ರೈನರ್ ಕೊಟ್ಟ ಗಿಡಮೂಲಿಕೆಯ ಕ್ಯಾಪ್ಸೂಲ್ ಕೂಡ ಇದೆ. ಅದು ನೈಸರ್ಗಿಕವಾದ್ದರಿಂದ ಅದರ ಬಗ್ಗೆ ಚಿಂತೆಯಿಲ್ಲ. ಪ್ರೋಟೀನ್ ಪೌಡರ್‌ನಿಂದಲೇ ಕಿಡ್ನಿ ಹಾಳಾಯಿತೆಂದು ಮನೆಯವರು ಹೇಳುತ್ತಿದ್ದರೆ, ಬಾಡಿಬಿಲ್ಡರ್‌ಗಳ ವರದಿ ಹೀಗೇ ಇರುತ್ತದೆಂದು ಟ್ರೈನರ್ ಹೇಳುತ್ತಾರೆ. ಪ್ರೋಟೀನ್ ಬಿಡಬೇಕೇ, ಕ್ರಿಯಾಟಿನ್ ಬಿಡಬೇಕೇ, ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಾಡಿಮಿಡಿತ

ನಾನು ವೈದ್ಯನಾದರೂ ನಿಮ್ಮನ್ನು ಪರೀಕ್ಷಿಸಿಲ್ಲ, ಆದ್ದರಿಂದ ಇದನ್ನು ಚಿಕಿತ್ಸೆಯ ಸಲಹೆ ಎಂದು ತಿಳಿಯಬೇಡಿ.

ನಾವು ತಿನ್ನುವ ಮತ್ತು ದೇಹವೇ ತಯಾರಿಸುವ ಕ್ರಿಯಾಟಿನ್‌ನ ಬಹುಪಾಲು ಸ್ನಾಯುಗಳಲ್ಲಿ ಶೇಖರವಾಗಿರುತ್ತದೆ. ಅದರಲ್ಲಿ ದಿನಕ್ಕೆ ಶೇಕಡಾ 1ರಿಂದ 2ರಷ್ಟು ತಾನಾಗಿಯೇ ಕ್ರಿಯಾಟಿನೈನ್ ಆಗಿ ಮಾರ್ಪಟ್ಟು ರಕ್ತಕ್ಕೆ ಸೇರಿ, ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದ ಸ್ನಾಯು ಹೆಚ್ಚಿರುವವರಲ್ಲಿ, ಅದರ ಮೇಲೆ ಕ್ರಿಯಾಟಿನ್ ಪುಡಿಯನ್ನೂ ಸೇವಿಸುವವರಲ್ಲಿ, ಕಿಡ್ನಿಗಳು ಸರಿಯಾಗಿ ಕೆಲಸ ಮಾಡುತ್ತಿದ್ದರೂ ಈ ಅಂಕಿ ಮಿತಿ ದಾಟುವುದುಂಟು. ವರದಿಯ ಕೆಳಗಿನ ಟಿಪ್ಪಣಿ ಇದೇ ಅಂಕಿಯನ್ನು ಸೂತ್ರವೊಂದಕ್ಕೆ ಹಾಕಿ ಪಡೆದದ್ದು. ಆ ಸೂತ್ರಕ್ಕೆ ನಿಮ್ಮ ವಯಸ್ಸು ಮತ್ತು ಲಿಂಗ ಗೊತ್ತೇ ಹೊರತು ನಿಮ್ಮ ತೊಡೆ, ತೋಳುಗಳ ಗಾತ್ರ ಗೊತ್ತಿಲ್ಲ. ಅನುಮಾನ ಪರಿಹಾರವಾಗಬೇಕಾದರೆ ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆಯನ್ನೂ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ಕೆಲವು ವಾರ ಕ್ರಿಯಾಟಿನ್ ನಿಲ್ಲಿಸಿ ಮತ್ತೆ ರಕ್ತ ಕೊಟ್ಟರೂ ಸಾಕಷ್ಟು ತಿಳಿಯುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಕಿಡ್ನಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರ ದೊರೆತಿಲ್ಲ. ಇಡೀ ಸಪ್ಲಿಮೆಂಟ್ ಲೋಕದಲ್ಲಿ ಇಷ್ಟು ಅಧ್ಯಯನಕ್ಕೆ ಒಳಗಾದ ಪುಡಿ ಇನ್ನೊಂದಿರಲಾರದು.

ಪ್ರೋಟೀನ್ ವಿಷಯದಲ್ಲೂ ನಿಮ್ಮ ಮನೆಯವರ ಭಯ ಅತಿಯಾದದ್ದು. ವ್ಯಾಯಾಮ ಮಾಡುವವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1.4ರಿಂದ 2 ಗ್ರಾಂ ಪ್ರೋಟೀನ್ ಸಾಕು ಎಂದು ಅಂತರರಾಷ್ಟ್ರೀಯ ಕ್ರೀಡಾ ಪೋಷಣಾ ಸಂಘ 2017ರಲ್ಲಿ ಹೇಳಿದೆ. ನಿಮ್ಮ ತೂಕಕ್ಕೆ ಅದು ಸುಮಾರು 118ರಿಂದ 168 ಗ್ರಾಂ, ಅದೂ ಊಟ ಮತ್ತು ಪುಡಿ ಎರಡನ್ನೂ ಸೇರಿಸಿ. ಈಗಾಗಲೇ ಕಿಡ್ನಿ ಕಾಯಿಲೆ ಇರುವವರ ಲೆಕ್ಕವೇ ಬೇರೆ, ಅವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ವೇ ಪ್ರೋಟೀನ್‌ನಿಂದ ನಾನು ಸಾಮಾನ್ಯವಾಗಿ ಕೇಳುವ ದೂರುಗಳೆಂದರೆ ಲ್ಯಾಕ್ಟೋಸ್ ಒಗ್ಗದವರಿಗೆ ಹೊಟ್ಟೆಯುಬ್ಬರ ಮತ್ತು ಕೆಲವರಿಗೆ ಮೊಡವೆ, ಅಷ್ಟೇ.

ಉತ್ತರ 2: ಪರೀಕ್ಷಾನಳಿಕೆ

ಲ್ಯಾಬ್‌ನಲ್ಲಿ ಕೆಲಸ ಮಾಡುವವನಾಗಿ ಲಿವರ್ ಅಂಕಿಗಳ ಬಗ್ಗೆ ಮಾತ್ರ ಹೇಳುತ್ತೇನೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಲಿವರ್‌ನಲ್ಲಿರುವಂತೆ ಸ್ನಾಯುವಿನಲ್ಲೂ ಇರುವುದರಿಂದ ಕಾಲಿನ ವ್ಯಾಯಾಮ ಕಠಿಣವಾಗಿ ಮಾಡಿದ ಮರುದಿನ ರಕ್ತ ಕೊಟ್ಟರೆ ಎರಡೂ ಏರಿರುತ್ತವೆ, ವಾರದವರೆಗೂ ಇಳಿಯದಿರಬಹುದು. ಅಂಥ ಸಂದರ್ಭದಲ್ಲಿ ಸ್ನಾಯುವಿನ ಸಿಕೆ ಎಂಬ ಕಿಣ್ವ ಬಹಳ ಮೇಲೆ ಹೋಗಿರುತ್ತದೆ, ಲಿವರ್‌ಗೆ ಸಂಬಂಧಿಸಿದ ಜಿಜಿಟಿ ಮಾಮೂಲಾಗಿರುತ್ತದೆ. ಇಷ್ಟರ ಮಟ್ಟಿಗೆ ನಿಮ್ಮ ಟ್ರೈನರ್ ಮಾತು ಸುಳ್ಳಲ್ಲ.

ಆದರೆ ಭಾರ ಎತ್ತಿದ್ದರಿಂದ ಬಿಲಿರುಬಿನ್ ಹೀಗೆ ಏರುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಅದು ಸ್ವಲ್ಪ ಹೆಚ್ಚಿರುತ್ತದೆ, ಉಪವಾಸವಿದ್ದಾಗ ಇನ್ನಷ್ಟು ಏರುತ್ತದೆ, ಅದರಿಂದ ಅಪಾಯವಿಲ್ಲ. ಅಂಥವರಲ್ಲಿ ಏರುವುದು ಇನ್‌ಡೈರೆಕ್ಟ್, ಅಂದರೆ ಲಿವರ್ ಇನ್ನೂ ಸಂಸ್ಕರಿಸದ ಭಾಗ. ನಿಮ್ಮ ವರದಿಯಲ್ಲಿ ಡೈರೆಕ್ಟ್, ಅಂದರೆ ಲಿವರ್ ಸಂಸ್ಕರಿಸಿದ ಬಿಲಿರುಬಿನ್ ಎಷ್ಟಿದೆ? ರಾತ್ರಿ ಮೈ ತುರಿಸುತ್ತದೆಯೇ, ಮೂತ್ರದ ಬಣ್ಣ ಗಾಢವಾಗಿದೆಯೇ? ಹಾಗೆಯೇ ಆ ಗಿಡಮೂಲಿಕೆಯ ಕ್ಯಾಪ್ಸೂಲ್‌ನ ಲೇಬಲ್ ಮೇಲೆ ಏನು ಬರೆದಿದೆ ಎಂಬುದನ್ನು ಪೂರ್ತಿಯಾಗಿ ಇಲ್ಲಿ ಬರೆಯಿರಿ. ನಿಮಗೆ ಚಿಂತೆಯಿಲ್ಲದ ಆ ಒಂದೇ ಡಬ್ಬಿಯ ಬಗ್ಗೆ ನನಗೆ ಚಿಂತೆಯಿದೆ.

ಉತ್ತರ 3: ಸರಳಜೀವಿ

ಪುಡಿಗಳೆಲ್ಲ ವಿಷವೇ. ಎಲ್ಲವನ್ನೂ ಎಸೆದು ಊಟ ಮಾಡಿ, ಮೈ ತಾನಾಗಿ ಬರುತ್ತದೆ.

ಉತ್ತರ 4: ಹಳೆಯ ಸ್ಪರ್ಧಿ

ಸರಳಜೀವಿಯವರೇ, ಎಲ್ಲವೂ ವಿಷ ಎಂದರೆ ಕೇಳುವವನಿಗೆ ಯಾವುದು ಹೆಚ್ಚು ಅಪಾಯ ಎಂಬುದು ತಿಳಿಯದೇ ಹೋಗುತ್ತದೆ. ಹಾಲಿನಿಂದ ಬಂದ ಪ್ರೋಟೀನನ್ನೂ ಹೆಸರಿಲ್ಲದ ಕ್ಯಾಪ್ಸೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವೇದಿಕೆಯ ಮೇಲೆ ನಿಂತು ಬಂದವನಾದ್ದರಿಂದ ತೆರೆಯ ಹಿಂದೆ ಏನು ಕೈ ಬದಲಾಗುತ್ತದೆ ಎಂಬುದನ್ನು ಕಂಡಿದ್ದೇನೆ. ಒಲಿಂಪಿಕ್ ಸಮಿತಿಯ ನೆರವಿನಿಂದ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ದೇಶಗಳಲ್ಲಿ ಕೊಂಡ, ಹಾರ್ಮೋನ್ ಇಲ್ಲವೆಂದು ಮಾರಾಟವಾಗುತ್ತಿದ್ದ 634 ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿದಾಗ 94ರಲ್ಲಿ ಲೇಬಲ್‌ನಲ್ಲಿ ನಮೂದಿಸದ ಸ್ಟಿರಾಯ್ಡ್ ಜಾತಿಯ ಪದಾರ್ಥಗಳು ಸಿಕ್ಕಿದ್ದವು. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥ ಉತ್ಪನ್ನಗಳು ಮಾರುಕಟ್ಟೆಗೆ ಬರುವ ಮೊದಲು ಔಷಧಿಗಳಂತೆ ಸುರಕ್ಷತೆಯನ್ನು ರುಜುವಾತು ಮಾಡಿ ಅನುಮತಿ ಪಡೆಯಬೇಕಾಗಿಲ್ಲ. ತೊಂದರೆ ಕಾಣಿಸಿಕೊಂಡ ಮೇಲೆ ಸರ್ಕಾರ ಕೈಹಾಕುತ್ತದೆ. 2013ರಲ್ಲಿ ಹವಾಯಿಯಲ್ಲಿ ಕೊಬ್ಬು ಕರಗಿಸುವ ಆಕ್ಸಿಎಲೀಟ್ ಪ್ರೋ ಸೇವಿಸಿದವರಲ್ಲಿ ತೀವ್ರ ಲಿವರ್ ಹಾನಿ ಒಂದರ ಹಿಂದೊಂದು ಕಾಣಿಸಿಕೊಂಡು, ಕೆಲವರಿಗೆ ಲಿವರ್ ಕಸಿ ಮಾಡಬೇಕಾಗಿ ಬಂದ ನಂತರವೇ ಅದನ್ನು ಅಂಗಡಿಗಳಿಂದ ಹಿಂತೆಗೆದುಕೊಂಡರು. ಗಿಡಮೂಲಿಕೆ ಎಂಬ ಹಣೆಪಟ್ಟಿಯೂ ರಕ್ಷಣೆಯಲ್ಲ. ನಿರಪಾಯ ಎಂದು ಎಲ್ಲರೂ ನಂಬುವ ಹಸಿರು ಚಹಾದ ಸಾರವೇ, ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ, ಲಿವರ್ ಕಿಣ್ವಗಳನ್ನು ಏರಿಸಬಲ್ಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ.

ಪ್ರೀ-ವರ್ಕೌಟ್ ಬಗ್ಗೆಯೂ ಒಂದು ಮಾತು. ಅದನ್ನು ಕುಡಿದಾಗ ಮುಖ, ಕಿವಿ ಚುಚ್ಚಿದಂತಾಗುವುದು ಅದರಲ್ಲಿರುವ ಬೀಟಾ-ಅಲನೈನ್ ಎಂಬ ಅಮೈನೋ ಆಮ್ಲದಿಂದ, ಅದು ನಿರಪಾಯ. ನೋಡಬೇಕಾದದ್ದು ಕೆಫೀನ್. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 200 ಮಿ.ಗ್ರಾಂ, ಇಡೀ ದಿನಕ್ಕೆ 400 ಮಿ.ಗ್ರಾಂ ಎಂಬ ಮಿತಿ ಇರುವಾಗ ಹಲವು ಡಬ್ಬಿಗಳ ಒಂದೇ ಸ್ಕೂಪ್‌ನಲ್ಲಿ 300 ಮಿ.ಗ್ರಾಂ ಇರುತ್ತದೆ, ಕಾಫಿ ಬೇರೆ. ಪದಾರ್ಥಗಳ ಹೆಸರು ಮಾತ್ರ ಕೊಟ್ಟು, ಪ್ರಮಾಣವನ್ನು ಪ್ರೊಪ್ರೈಟರಿ ಬ್ಲೆಂಡ್ ಎಂಬ ಒಂದೇ ಸಾಲಿನಲ್ಲಿ ಅಡಗಿಸಿದ ಡಬ್ಬಿಯನ್ನು ನಾನಂತೂ ಮುಟ್ಟುವುದಿಲ್ಲ. ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್, ಇನ್ಫಾರ್ಮ್ಡ್ ಸ್ಪೋರ್ಟ್ ಮುದ್ರೆಗಳಿದ್ದರೆ ಹೊರಗಿನವರು ಪರೀಕ್ಷಿಸಿದ್ದಾರೆ ಎಂಬ ಧೈರ್ಯವಾದರೂ ಇರುತ್ತದೆ, ಮುದ್ರೆಯೇ ನಕಲಿಯಲ್ಲದಿದ್ದರೆ.

ಭಾರಯಾತ್ರಿ

ಎಲ್ಲರಿಗೂ ಧನ್ಯವಾದಗಳು. ಡೈರೆಕ್ಟ್ ಬಿಲಿರುಬಿನ್ ಒಟ್ಟು ಪ್ರಮಾಣದ ಅರ್ಧಕ್ಕಿಂತ ಹೆಚ್ಚಿದೆ. ಅಂಗೈ, ಅಂಗಾಲುಗಳಲ್ಲಿ ರಾತ್ರಿ ತುರಿಕೆ ಇರುವುದು ನಿಜ; ಬೆವರಿನಿಂದ ಎಂದುಕೊಂಡಿದ್ದೆ. ಮೂತ್ರ ಗಾಢ ಹಳದಿಯಾಗಿರುವುದನ್ನೂ ನೀರು ಕಡಿಮೆ ಕುಡಿದದ್ದಕ್ಕೆ ಎಂದು ಬಿಟ್ಟಿದ್ದೆ.

ಕ್ಯಾಪ್ಸೂಲ್ ಡಬ್ಬಿಯ ಮುಂಭಾಗದಲ್ಲಿ ಎಲೆಯ ಚಿತ್ರವಿದೆ. ಹಿಂಭಾಗದಲ್ಲಿ ಮೂರು ಗಿಡಗಳ ಹೆಸರುಗಳ ಕೆಳಗೆ "17-ಆಲ್ಫಾ-ಮಿಥೈಲ್" ಎಂದು ಆರಂಭವಾಗುವ ಉದ್ದನೆಯ ಹೆಸರೊಂದು ಸಣ್ಣ ಅಕ್ಷರದಲ್ಲಿದೆ. ಆರು ವಾರಕ್ಕಿಂತ ಹೆಚ್ಚು ಬಳಸಬಾರದು, ಮುಗಿದ ಮೇಲೆ ಅದೇ ತಯಾರಕರ ಇನ್ನೊಂದು ಡಬ್ಬಿ ಆರಂಭಿಸಬೇಕು ಎಂದೂ ಬರೆದಿದೆ. ಟ್ರೈನರ್ ಲಿವರ್ ಶುದ್ಧಿಯ ಮಾತ್ರೆ ಕೊಡುತ್ತೇನೆ, ಸ್ಪರ್ಧೆ ಮುಗಿಯುವವರೆಗೆ ನಿಲ್ಲಿಸಬೇಡಿ ಎನ್ನುತ್ತಿದ್ದಾರೆ.

ಉತ್ತರ 5: ನಾಡಿಮಿಡಿತ

ಇಂದೇ ನಿಲ್ಲಿಸಿ. ನೀವು ಬರೆದಿರುವುದು ಬಾಯಿಯ ಮೂಲಕ ಸೇವಿಸುವ ಅನಾಬಾಲಿಕ್ ಸ್ಟಿರಾಯ್ಡ್‌ಗಳ ಹೆಸರಿನ ಆರಂಭ. ಲಿವರ್ ಬೇಗ ಒಡೆದುಹಾಕದಿರಲೆಂದು ಆ ಅಣುವಿಗೆ 17ನೇ ಜಾಗದಲ್ಲಿ ಮಿಥೈಲ್ ಗುಂಪನ್ನು ಜೋಡಿಸಿರುತ್ತಾರೆ. ಪಿತ್ತದ ಹರಿವು ನಿಂತು ಕಾಮಾಲೆ ಬರುವುದೂ ಈ ಬದಲಾವಣೆಯ ದೆಸೆಯಿಂದಲೇ; ನಿಮ್ಮ ತುರಿಕೆ, ಗಾಢ ಮೂತ್ರ, ಹೆಚ್ಚಿದ ಡೈರೆಕ್ಟ್ ಬಿಲಿರುಬಿನ್ ಅದರ ಲಕ್ಷಣಗಳೇ. ವಾರಗಳ ಲೆಕ್ಕ, ಆಮೇಲೆ ಇನ್ನೊಂದು ಡಬ್ಬಿ ಎಂಬ ಸೂಚನೆ ಯಾವ ಗಿಡಮೂಲಿಕೆಗೂ ಬೇಕಿಲ್ಲ. ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತನ್ನ ಟೆಸ್ಟೋಸ್ಟಿರಾನ್ ಉತ್ಪಾದನೆಯನ್ನು ನಿಲ್ಲಿಸುವುದರಿಂದ ಅದನ್ನು ಮತ್ತೆ ಎಬ್ಬಿಸಲೆಂದು ಆ ಎರಡನೆಯ ಡಬ್ಬಿ. ಅದನ್ನೂ ಲಿವರ್ ಶುದ್ಧಿಯ ಮಾತ್ರೆಯನ್ನೂ ಮುಟ್ಟಬೇಡಿ. ನೊಂದಿರುವ ಲಿವರ್‌ಗೆ ಇನ್ನೊಂದು ಅಪರಿಚಿತ ವಸ್ತುವಿನ ಹೊರೆ ಬೇಡ. ವೈದ್ಯರು ಹೇಳುವವರೆಗೆ ಮಿಕ್ಕ ಪುಡಿಗಳನ್ನೂ ನಿಲ್ಲಿಸಿ, ಅವು ತಪ್ಪಿತಸ್ಥ ಎಂದಲ್ಲ, ಲೆಕ್ಕ ಸ್ಪಷ್ಟವಾಗಲಿ ಎಂದು.

ನಾಳೆಯೇ ಲಿವರ್ ತಜ್ಞರನ್ನು ಕಾಣಿ. ಆಲ್ಕಲೈನ್ ಫಾಸ್ಫಟೇಸ್, ಜಿಜಿಟಿ, ರಕ್ತ ಹೆಪ್ಪುಗಟ್ಟುವ ಐಎನ್‌ಆರ್, ಹೆಪಟೈಟಿಸ್ ವೈರಸ್‌ಗಳ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಇವುಗಳನ್ನು ಅವರು ಹೇಳಬಹುದು. ಟೆಸ್ಟೋಸ್ಟಿರಾನ್, ಅದರ ಉತ್ಪಾದನೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನ್, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕೂಡ ನೋಡಲು ನೀವೇ ಕೇಳಿ. ಇಂಥ ಕಾಮಾಲೆ ಬಂದ ಯುವಕರಲ್ಲಿ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ, ಆದರೆ ನಿಲ್ಲಿಸಿದ ಮೇಲೂ ಬಿಲಿರುಬಿನ್ ಕೆಲವು ವಾರ ಏರುತ್ತಲೇ ಹೋಗಿ, ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿಯಬಹುದು, ಆಗ ಗಾಬರಿಯಾಗಬೇಡಿ. ಗೊಂದಲ, ಅತಿಯಾದ ನಿದ್ದೆ, ಒಸಡಿನಲ್ಲಿ ರಕ್ತ, ನಿಲ್ಲದ ವಾಂತಿ ಕಂಡರೆ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಉತ್ತರ 6: ಪರೀಕ್ಷಾನಳಿಕೆ

ಡಬ್ಬಿಯನ್ನು ಎಸೆಯಬೇಡಿ, ಟ್ರೈನರ್‌ಗೆ ಹಿಂದಿರುಗಿಸಲೂ ಬೇಡಿ. ಉಳಿದ ಕ್ಯಾಪ್ಸೂಲ್‌ಗಳ ಸಮೇತ ವೈದ್ಯರ ಬಳಿ ಒಯ್ಯಿರಿ, ಲೇಬಲ್ ಮತ್ತು ಬ್ಯಾಚ್ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ಲೇಬಲ್‌ನಲ್ಲಿರುವುದೇ ಒಳಗಿದೆ ಎಂದೇನೂ ಇಲ್ಲ, ಪರೀಕ್ಷೆಗೆ ಕಳುಹಿಸಬೇಕಾಗಿ ಬಂದರೆ ಒಂದೆರಡು ಕ್ಯಾಪ್ಸೂಲ್ ಉಳಿದಿರಬೇಕು. ಅದೇ ಡಬ್ಬಿಯನ್ನು ನಿಮ್ಮ ಜಿಮ್‌ನಲ್ಲಿ ಇನ್ನಾರಾದರೂ ಬಳಸುತ್ತಿದ್ದರೆ ಅವರಿಗೂ ಈ ವಾರವೇ ಲಿವರ್ ಪರೀಕ್ಷೆ ಮಾಡಿಸಲು ಹೇಳಿ.