ಎದೆಯೊಳಗಿನ ಎಕ್ಟೋಪಿಕ್ ಥೈರಾಯ್ಡ್ (ತನ್ನ ಜಾಗ ಬಿಟ್ಟು ಬೇರೆಡೆ ಬೆಳೆದ ಥೈರಾಯ್ಡ್): ಕುತ್ತಿಗೆಯಿಂದಲೇ ತೆಗೆಯಬಹುದಾ?

ಸರ್ಜರಿ ಪಿಜಿ:
52 ವರ್ಷದ ಹೆಂಗಸು. ಒಣಕೆಮ್ಮು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತೆ. ಸಿಟಿಯಲ್ಲಿ ಆಂಟೀರಿಯರ್ ಮೀಡಿಯಾಸ್ಟಿನಮ್‌ನಲ್ಲಿ (ಎದೆಯೆಲುಬಿನ ಹಿಂದೆ, ಹೃದಯದ ಮುಂದಿನ ಜಾಗದಲ್ಲಿ) 6 ಸೆಂ.ಮೀ. ಗೆಡ್ಡೆ, ಥೈರಾಯ್ಡ್ ಅಂಗಾಂಶ ಇರಬಹುದು ಅಂತ ರಿಪೋರ್ಟ್. ಕುತ್ತಿಗೆಯ ಥೈರಾಯ್ಡ್ ತನ್ನ ಜಾಗದಲ್ಲೇ ಇದೆ, ಟಿಎಸ್‌ಎಚ್ (ಥೈರಾಯ್ಡ್ ಕೆಲಸ ತೋರಿಸುವ ರಕ್ತಪರೀಕ್ಷೆ) ನಾರ್ಮಲ್. ರೆಟ್ರೊಸ್ಟರ್ನಲ್ ಗಾಯಿಟರ್ (ಊದಿಕೊಂಡು ಎದೆಯೆಲುಬಿನ ಹಿಂದೆ ಇಳಿದ ಕುತ್ತಿಗೆಯ ಥೈರಾಯ್ಡ್) ಥರ ಕುತ್ತಿಗೆಯಿಂದಲೇ ತೆಗೆಯಬಹುದಾ? ಬಯಾಪ್ಸಿ ಬೇಕಾ?

ಥೊರಾಸಿಕ್ ಸರ್ಜನ್:
ರಕ್ತ ಎಲ್ಲಿಂದ ಬರುತ್ತೆ ನೋಡಿ, ಆಮೇಲೆ ದಾರಿ ಯೋಚಿಸಿ. ಕುತ್ತಿಗೆಯಿಂದ ಇಳಿದ ಗಾಯಿಟರ್‌ಗೆ ರಕ್ತ ಕೊಡೋದು ಇನ್ಫೀರಿಯರ್ ಥೈರಾಯ್ಡ್ ಆರ್ಟರಿ. ಅದನ್ನು ಕುತ್ತಿಗೆಯಲ್ಲೇ ಕಟ್ಟಬಹುದು, ಆದ್ದರಿಂದ ಬಹುತೇಕ ಕೇಸುಗಳು ಮೇಲಿನಿಂದಲೇ ಮುಗಿಯುತ್ತವೆ. ನಿಜವಾದ ಎಕ್ಟೋಪಿಕ್ ಆದರೆ ಎದೆಯೊಳಗಿನ ರಕ್ತನಾಳಗಳಿಂದ, ಅಂದರೆ ಇಂಟರ್ನಲ್ ಮ್ಯಾಮರಿ, ಬ್ರೇಕಿಯೋಸೆಫಾಲಿಕ್, ಕೆಲವೊಮ್ಮೆ ನೇರ ಅಯೋರ್ಟಾದಿಂದಲೇ ಕವಲು ಬರುತ್ತೆ. ಕುತ್ತಿಗೆಯಿಂದ ಬೆರಳು ಹಾಕಿ ಎಳೆದರೆ ಆ ಕವಲು ಹರಿದು ಎದೆಯೆಲುಬಿನ ಹಿಂದೆ ಜಾರಿಕೊಳ್ಳುತ್ತೆ. ಆಮೇಲೆ ಕ್ಲಾಂಪ್ ಹಾಕೋಕೆ ಜಾಗ ಸಿಗಲ್ಲ.

ಸಿಟಿಯನ್ನು ಕರೋನಲ್ (ಮುಂದಿನಿಂದ), ಸ್ಯಾಜಿಟಲ್ (ಪಕ್ಕದಿಂದ) ಎರಡರಲ್ಲೂ ನೋಡಿ. ಥೈರಾಯ್ಡ್‌ನ ಕೆಳತುದಿಗೂ ಗೆಡ್ಡೆಗೂ ನಡುವೆ ಸಣ್ಣ ಎಳೆಯಾದರೂ ಇದೆಯಾ? ಇದ್ದರೆ ಅದು ಇಳಿದ ಗಾಯಿಟರ್ ಇರಬಹುದು. ಸಂಶಯವಿದ್ದರೆ ಆಂಜಿಯೋ ಫೇಸ್ (ರಕ್ತನಾಳ ತೋರಿಸುವ ಸಿಟಿ) ಕೇಳಿ.

ಕಾಂಟ್ರಾಸ್ಟ್‌ಗೆ (ಸಿಟಿಗೆ ಕೊಡುವ ಐಯೋಡಿನ್ ಇರುವ ಔಷಧಿಗೆ) ಮುಂಚೆಯೇ ಬೆಳ್ಳಗೆ ಕಾಣೋದು, ಕೊಟ್ಟ ಮೇಲೆ ಗಾಢವಾಗಿ, ತುಂಬ ಹೊತ್ತು ಹೊಳೆಯೋದು ಥೈರಾಯ್ಡ್ ಲಕ್ಷಣ. ಅಷ್ಟಿದ್ದರೆ ಸೂಜಿ ಹಾಕಬೇಡಿ, ರಕ್ತಸ್ರಾವದ ಭಯ. ಲಿಂಫೋಮಾ (ಲಿಂಫ್ ಗ್ರಂಥಿಯ ಕ್ಯಾನ್ಸರ್) ಸಂಶಯವಿದ್ದರೆ ಮಾತ್ರ ಬಯಾಪ್ಸಿ ಬೇಕೇ ಬೇಕು, ಅದಕ್ಕೆ ಮದ್ದು ಕೀಮೋ, ಸರ್ಜರಿ ಅಲ್ಲ.

ನ್ಯೂಕ್ಲಿಯರ್ ಮೆಡಿಸಿನ್:
ಸ್ಕ್ಯಾನ್ ಮಾಡಿಸೋದಾದರೆ ಐಯೋಡಿನ್-123 (ಥೈರಾಯ್ಡ್ ಹೀರುವ ವಿಕಿರಣಶೀಲ ಐಯೋಡಿನ್) ಒಳ್ಳೇದು. ಇನ್ನೊಂದು ವಿಕಿರಣಶೀಲ ವಸ್ತು ಟೆಕ್ನಿಶಿಯಮ್‌ನಲ್ಲಿ ಹೃದಯ, ದೊಡ್ಡ ರಕ್ತನಾಳಗಳ ರಕ್ತವೇ ಹೊಳೆದು ಎದೆಯ ಭಾಗ ಮಸುಕಾಗುತ್ತೆ. ಕಾಂಟ್ರಾಸ್ಟ್ ಸಿಟಿ ಆಗಿಹೋಗಿದ್ದರೆ ಅದರ ಐಯೋಡಿನ್ ಹೋಗೋಕೆ 6ರಿಂದ 8 ವಾರ ಕಾಯಬೇಕು. ಗೆಡ್ಡೆ ಐಯೋಡಿನ್ ಹೀರಲಿಲ್ಲ ಅಂದ ಮಾತ್ರಕ್ಕೆ ಥೈರಾಯ್ಡ್ ಅಲ್ಲ ಅನ್ನೋಕಾಗಲ್ಲ. ಕುತ್ತಿಗೆಯ ಗ್ರಂಥಿ ಕೆಲಸ ಮಾಡ್ತಿದೆಯಾ ಅಂತ ಖಚಿತವಾಗೋದೇ ಇದರ ದೊಡ್ಡ ಲಾಭ.

ಅನಸ್ತೇಶಿಯ:
ಮಲಗಿದರೆ ಉಸಿರು ಕಟ್ಟುತ್ತೆ ಅನ್ನೋ ಸಾಲನ್ನು ಯಾರೂ ಹಿಡಿದಿಲ್ಲ! ಇಂಥವರಿಗೆ ಮೊದಲೇ ಮಸಲ್ ರಿಲ್ಯಾಕ್ಸಂಟ್ (ಸ್ನಾಯು ಸಡಿಲಿಸುವ ಔಷಧಿ) ಕೊಟ್ಟರೆ ಶ್ವಾಸನಾಳ ಪೂರ್ತಿ ಮುಚ್ಚಿಕೊಳ್ಳಬಹುದು. ಅತಿ ಕಿರಿದಾದ ಜಾಗವನ್ನು ಸಿಟಿಯಲ್ಲಿ ಅಳೆಯಿರಿ. ತಲೆ ಎತ್ತರಿಸಿ, ಎಚ್ಚರವಿರುವಾಗಲೇ ಫೈಬರ್‌ಆಪ್ಟಿಕ್‌ನಲ್ಲಿ (ಬಾಗುವ ಕ್ಯಾಮೆರಾದಲ್ಲಿ) ರೀಇನ್‌ಫೋರ್ಸ್ಡ್ (ಒಳಗೆ ತಂತಿ ಇರುವ) ಉಸಿರಿನ ಟ್ಯೂಬ್ ಹಾಕಿ, ತುದಿ ಕಿರಿದಾದ ಜಾಗ ದಾಟಲೇಬೇಕು. ರಿಜಿಡ್ ಬ್ರಾಂಕೋಸ್ಕೋಪ್ (ಶ್ವಾಸನಾಳಕ್ಕೆ ಹಾಕುವ ಗಟ್ಟಿ ಕೊಳವೆ) ಥಿಯೇಟರ್‌ನೊಳಗೇ ಇರಲಿ. ಕಾಲಿಗೂ ಒಂದು ದಪ್ಪ ಲೈನ್: ಬ್ರೇಕಿಯೋಸೆಫಾಲಿಕ್ ವೇನ್ (ಕೈ, ತಲೆಯ ರಕ್ತ ಹೃದಯದ ಕಡೆ ತರುವ ದೊಡ್ಡ ರಕ್ತನಾಳ) ಹರಿದರೆ ಕೈಯಿಂದ ಕೊಟ್ಟ ರಕ್ತ ಹೃದಯ ಮುಟ್ಟಲ್ಲ. ಟ್ಯೂಬ್ ತೆಗೆಯುವ ಮುಂಚೆ ಕಫ್ ಲೀಕ್ ನೋಡಿ (ಟ್ಯೂಬ್‌ನ ಬಲೂನು ಇಳಿಸಿದಾಗ ಸುತ್ತ ಗಾಳಿ ಹೋಗುತ್ತಾ ಅಂತ).

ಸರ್ಜರಿ ಪಿಜಿ:
ಧನ್ಯವಾದ ಸರ್. ವ್ಯಾಟ್ಸ್‌ನಲ್ಲಿ (ಎದೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ನೋಡಿ ಮಾಡುವ ಸರ್ಜರಿ) ಆಗುತ್ತಾ? ಆಮೇಲೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಬೇಕಾ?

ಥೊರಾಸಿಕ್ ಸರ್ಜನ್:
ಗೆಡ್ಡೆಗೂ ಬ್ರೇಕಿಯೋಸೆಫಾಲಿಕ್ ವೇನ್‌ಗೂ ನಡುವೆ ಕೊಬ್ಬಿನ ಪದರ ಕಂಡರೆ 6 ಸೆಂ.ಮೀ.ಗೆ ವ್ಯಾಟ್ಸ್ ಸಾಕು. ಅಂಟಿಕೊಂಡಿದ್ದರೆ ಸ್ಟರ್ನಾಟಮಿಯೇ (ಎದೆಯೆಲುಬು ಸೀಳಿ ತೆರೆಯೋದು) ಲೇಸು. ವ್ಯಾಟ್ಸ್ ಶುರು ಮಾಡಿದರೂ ಸ್ಟರ್ನಲ್ ಸಾ (ಎದೆಯೆಲುಬಿನ ಗರಗಸ) ರೆಡಿ ಇರಲಿ. ಫ್ರೆನಿಕ್ ನರ (ಉಸಿರಾಟದ ವಪೆಯ ನರ) ಮೊದಲು ಗುರುತಿಸಿ, ಎಡಗಡೆ ಅಯೋರ್ಟಿಕ್ ಆರ್ಚ್ ಹತ್ತಿರ ರಿಕರೆಂಟ್ ಲ್ಯಾರಿಂಜಿಯಲ್ ನರ (ಧ್ವನಿಯ ನರ) ಇರುತ್ತೆ, ಅಲ್ಲಿ ಕಾಟರಿ (ವಿದ್ಯುತ್ತಿನಿಂದ ಸುಡುವ ಸಾಧನ) ಬೇಡ. ಇಡಿಯಾಗಿ ಬ್ಯಾಗ್‌ನಲ್ಲಿ ಹೊರತೆಗೆಯಿರಿ. ಒಳಗೆ ಚೂರು ಮಾಡಿದರೆ ರಕ್ತ ಸುರಿಯುತ್ತೆ, ಕ್ಯಾನ್ಸರ್ ಇದ್ದರೆ ಹರಡುತ್ತೆ.

ಕುತ್ತಿಗೆಯ ಗ್ರಂಥಿ ಸರಿಯಿದ್ದರೆ ಮಾತ್ರೆ ಬೇಡ, 6 ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ಪ್ಯಾಪಿಲರಿ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರ್‌ನ ಒಂದು ಬಗೆ) ಅಂತ ಬಂದರೆ ಕುತ್ತಿಗೆಯ ಅಲ್ಟ್ರಾಸೌಂಡ್ ಮತ್ತೊಮ್ಮೆ ಮಾಡಿಸಿ, ಮೂಲ ಅಲ್ಲೇ ಇರಬಹುದು.